ಜೇಬಿಲ್ಲದ ಅಂಗಿಗಳು

ಹೊಲಿಗೆ ಅಂಗಡಿ
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತಾ? ನೀನು ಕೆಲಸಕ್ಕಿರುವ ಮನೆಯ ಅಜ್ಜಿಯನ್ನು ಒಬ್ಬಳೇ ಎತ್ತಬೇಡ, ಅವರ ಸೊಸೆಯನ್ನೂ ಕರೆ ಎಂದು ಎಷ್ಟು ಸಲ ಹೇಳಿದ್ದೇನೆ. ನೀನು ಕರೆಯುವವಳಲ್ಲ, ಗೊತ್ತು. ನಾನು ಚೆನ್ನಾಗಿದ್ದೇನೆ. ಫೋನ್ ಮಾಡಲಿಲ್ಲವೆಂದು ಬೈಯಬೇಡ. ಅಲ್ಲಿರುವುದು ಅವರ ಫೋನು. ಮಗ ಹಾಸ್ಟೆಲಿನಲ್ಲಿ ಓದುತ್ತಿದ್ದಾನೆ ಎಂದು ನೀನು ಅವರಿಗೆ ಹೇಳಿರುವಾಗ, ಅವರೆದುರು ರಿಮಾಂಡ್ ಹೋಮಿನ ಸುದ್ದಿ ಹೇಗೆ ಎತ್ತಲಿ?

ತಮ್ಮ ಇರುವ ಹೋಮಿನಲ್ಲಿ ಗಲಾಟೆಯಾದದ್ದು ನಿನ್ನ ಕಿವಿಗೂ ಬಿದ್ದಿರಬಹುದು. ಊಟದ ಕೋಣೆಯಲ್ಲಿ ಹುಡುಗರಿಗೂ ಕಾವಲಿನವರಿಗೂ ಹೊಡೆದಾಟವಾಗಿದೆ. ಯಾರೋ ಒಬ್ಬ ಚಮಚದ ಹಿಡಿಯನ್ನು ಚೂಪು ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದನಂತೆ. ಆಮೇಲೆ ಲಾಠಿ ಬೀಸಿದ್ದಾರೆ. ಮರುದಿನ ಮಂತ್ರಿಗಳು ಟೀವಿಯಲ್ಲಿ ಬಂದು, ಮಕ್ಕಳೆಲ್ಲ ಕ್ಷೇಮ, ಒಬ್ಬಿಬ್ಬರಿಗೆ ತರಚಿದ ಗಾಯ ಅಷ್ಟೆ ಅಂದರು. ತನಿಖೆಗೆ ಸಮಿತಿ ಮಾಡಿದರು, ಭೇಟಿ ನಿಲ್ಲಿಸಿದರು. ನಾನು ಗೇಟಿನವರೆಗೆ ಹೋದೆ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ನಾನು ಕೇಳುವ ಮೊದಲೇ ಕಾವಲಿನವನು, ಟೀವಿ ನೋಡಲಿಲ್ಲವೇನಮ್ಮಾ, ಎಲ್ಲ ಕ್ಷೇಮ ಎಂದು ಕಳಿಸಿಬಿಟ್ಟ. ನಾನೂ ನಂಬಿದೆ.

ನಿನ್ನೆ ಅಲ್ಲಿನ ಅಂಗಿಗಳು ಮೂಟೆ ಮೂಟೆಯಾಗಿ ನಮ್ಮ ಅಂಗಡಿಗೇ ಬಂದವು. ಇನ್ನು ಹುಡುಗರ ಅಂಗಿಗೆ ಜೇಬು ಇರಕೂಡದೆಂದು ಸರ್ಕಾರದ ಅಪ್ಪಣೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಮ್ಮ ಕಟಿಂಗ್ ಮಾಸ್ಟರ್ ಮಾಮ, "ಜೇಬು ಕಿತ್ರೆ ಜಗಳ ನಿಲ್ಲೋದಾದ್ರೆ ನಾನು ಮದುವೆ ದಿನಾನೇ ಕಿತ್ತು ಹಾಕ್ತಿದ್ದೆ" ಅಂದರು. ಎಲ್ಲರೂ ನಕ್ಕರು. ಅಮ್ಮಾ, ನಾನೂ ನಕ್ಕೆ.

ಕೈಗೆ ಬಂದ ಬಟ್ಟೆಯಲ್ಲಿ ಹರಿದದ್ದು ಕಂಡರೆ ಹೇಳಿಸಿಕೊಳ್ಳದೆ ಹೊಲಿದುಬಿಡುವುದು ನಮ್ಮ ಅಂಗಡಿಯ ರೂಢಿ, ನಿನಗೆ ಗೊತ್ತಲ್ಲ. ಇವತ್ತು ಬೆಳಿಗ್ಗೆ ಒಂದು ಅಂಗಿ ಬಂತು, ತೊಳೆದು ಮಡಿಸಿದ್ದು. ಗುಂಡಿಪಟ್ಟಿಯ ಪಕ್ಕದಲ್ಲಿ ಕೆಳಗಿನಿಂದ ಕತ್ತಿನವರೆಗೂ ಸೀಳಿತ್ತು. ಜೇಬು ಬಿಚ್ಚಿದೆ, ಸೀಳನ್ನು ಕೂಡಿಸಿ ಮಷೀನಿಗೆ ಕೊಟ್ಟೆ. ಮಡಿಸಲು ತೋಳು ಎಳೆದಾಗ ಕೈ ನಿಂತುಹೋಯಿತು. ಕಳೆದ ಭೇಟಿಯಲ್ಲಿ, ಮೀಸೆ ಬರುವ ಮೊದಲೇ ತೋಳು ಬಂತು ಎಂದು ನೀನು ತಮ್ಮನನ್ನು ಗೇಲಿ ಮಾಡಿದೆಯಲ್ಲ, ಆಗ ಅಲ್ಲೇ ಬೆಂಚಿನ ಮೇಲೆ ಕೂತು ಮಡಿಕೆ ಬಿಚ್ಚಿ ಉದ್ದ ಮಾಡಿಕೊಟ್ಟೆನಲ್ಲ, ಅದೇ ತೋಳು. ಕಾವಲಿನವಳು ನನ್ನ ಸೂಜಿಯ ಮೇಲೇ ಕಣ್ಣಿಟ್ಟು ನಿಂತಿದ್ದಳು, ಅದಕ್ಕೇ ಹೊಲಿಗೆ ಕೊನೆಯಲ್ಲಿ ಸೊಟ್ಟಗಾಗಿತ್ತು. ಸೊಟ್ಟ ಹಾಗೇ ಇದೆ.

ಮಾಮ ಅಂಗಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಹರಿದಿದ್ದಲ್ಲ ಮಗಳೇ, ಕತ್ತರಿ ಹಾಕಿದ್ದು. ಕೈ ಎತ್ತೋಕಾಗದೇ ಇರೋರ ಅಂಗೀನ ಆಸ್ಪತ್ರೇಲಿ ಹೀಗೇ ಕತ್ತರಿಸ್ತಾರೆ."

ನಾನು ಹಾಕಿದ ಹೊಲಿಗೆಯನ್ನು ಪೂರ್ತಿ ಬಿಚ್ಚಿದೆ. ಸೂಜಿಯ ತೂತುಗಳು ಮಾತ್ರ ಸಾಲಾಗಿ ಉಳಿದಿವೆ. ಅವನಿಗೆ ಆದದ್ದನ್ನು ನನ್ನ ಕೈಯಾರೆ ಮುಚ್ಚಿಬಿಡುತ್ತಿದ್ದೆನಲ್ಲ ಅನ್ನಿಸಿ ಅಳುವೂ ಬರುತ್ತಿಲ್ಲ. ಕಾಲು ಮಷೀನಿನ ಮೇಲೇ ಇದೆ, ತುಳಿಯಲಾಗುತ್ತಿಲ್ಲ. ಮಾಮ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ವಿಚಾರಿಸಲು ಹೋಗಿದ್ದಾರೆ. ಅವರು ಬರುವವರೆಗೆ ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಅದು ಬೇರೆ ಯಾರದೋ ಅಂಗಿಯಾಗಿರಲಿ ಅಂದುಕೊಳ್ಳುತ್ತೇನೆ. ಬೇರೆಯವರಿಗೂ ತಾಯಿ ಇರುತ್ತಾಳೆ ಎಂದು ತಕ್ಷಣ ನಾಚಿಕೆಯಾಗುತ್ತದೆ.

ಊಟ ಬಿಡಬೇಡ. ಅಜ್ಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಮಗಳು,
ಪುಟ್ಟಿ

ಅಮ್ಮಾ, ಮಾಮ ಬಂದರು. ತಮ್ಮ ಅಲ್ಲೇ ಇದ್ದಾನೆ. ತಲೆಗೂ ಭುಜಕ್ಕೂ ಪೆಟ್ಟು, ಎಚ್ಚರ ಬಂದು ಬಂದು ಹೋಗುತ್ತಿದೆಯಂತೆ. ಗಲಾಟೆಯ ನಂತರ ಹೊಸ ಅಪ್ಪಣೆಯಾಗಿದೆ, ತಂದೆತಾಯಿಯ ಹೊರತು ಯಾರನ್ನೂ ಒಳಗೆ ಬಿಡುವುದಿಲ್ಲ. ಅಕ್ಕ ಎಂದರೆ ಲೆಕ್ಕಕ್ಕಿಲ್ಲ. ಅಪ್ಪ ಇಲ್ಲದ ಮೇಲೆ ನೀನೊಬ್ಬಳೇ. ಈ ಪತ್ರ ತಂದ ಡ್ರೈವರ್ ಅಣ್ಣ ನೀನಿರುವ ಮನೆಯ ಬಾಗಿಲಲ್ಲೇ ಕಾಯುತ್ತಾರೆ, ಅವರ ಬಸ್ಸಿಗೇ ಹತ್ತು. ಆ ಮನೆಯವರು ಏನಂದುಕೊಂಡರೂ ಸರಿ, ಕೆಲಸ ಹೋದರೂ ಸರಿ. ಈಗ ಅವನು ಕಣ್ಣು ಬಿಟ್ಟಾಗಲೆಲ್ಲ ಎದುರಿಗೆ ಕಾಣುವುದು ಪೊಲೀಸಿನವನ ಮುಖ ಒಂದೇ.