ಮಾತ್ರೆಯ ಗುಣವೆಂದು ಬರೆದದ್ದು

ಮಾರ್ಚ್ ೧೪, ಗುರುವಾರ, ರಾತ್ರಿ.

ನಾದಿನಿಯ ಕ್ಷಮೆ ಕೇಳಬೇಕು. ಹಿಂದಿನ ಕಾಗದದಲ್ಲಿ, ‘ಮಾತ್ರೆ ಗುಣ ತೋರುತ್ತಿದೆ, ನಿನ್ನಕ್ಕನ ಮರೆವು ತಗ್ಗುತ್ತಿದೆ’ ಎಂದು ಬರೆದಿದ್ದೆ. ಅದು ತಪ್ಪು.

ವೈದ್ಯೆ ಇಂದು ಮಿದುಳಿನ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ನೆನಪನ್ನು ಕಾಯುವ ಭಾಗ ಇನ್ನಷ್ಟು ಕುಗ್ಗಿದೆ. ಆದರೂ ಮರೆವಿನ ಪರೀಕ್ಷೆಯಲ್ಲಿ ಇವಳ ಅಂಕ ಏರಿದೆ.

“ಯಾವ ವಾರ, ಯಾವ ತಿಂಗಳು ಅಂತ ಮನೇಲೂ ಕೇಳ್ತಿದ್ರಾ ಸರ್?”

“ದಿನವೂ ಕೇಳುತ್ತಿದ್ದೆ. ತಪ್ಪಿದಲ್ಲಿ ತಿದ್ದುತ್ತಿದ್ದೆ.”

“ಹಾಗಾದ್ರೆ ಈ ಅಂಕ ಮಾತ್ರೆಯದ್ದಲ್ಲ, ನಿಮ್ಮ ಪಾಠದ್ದು.”

ಇವಳು ನಕ್ಕು ವೈದ್ಯೆಯತ್ತ ಬಾಗಿದಳು. “ಈ ಮೇಷ್ಟ್ರು ಬಿಡೋದೇ ಇಲ್ಲಮ್ಮ. ಇವರ ಹೆಂಡ್ತಿ ಹೇಗೆ ಬಾಳ್ತಾಳೋ ಪಾಪ.”

ವೈದ್ಯೆ ಚಿತ್ರಗಳನ್ನು ಲಕೋಟೆಗೆ ಸೇರಿಸಿದರು. ಮಾತ್ರೆ ನಿಲ್ಲಿಸುವುದೋ ಮುಂದುವರಿಸುವುದೋ, ನಾನೇ ಹೇಳಬೇಕಂತೆ. ಆಗ ಏನೂ ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ. ಊಟ ಮಾಡಿದೆ, ಪಾತ್ರೆ ತೊಳೆದೆ. ಇವಳು ನಿದ್ರಿಸುತ್ತಿದ್ದಾಳೆ.

ನಾದಿನಿಗೆ ತಿದ್ದಿ ತಿಳಿಸಬೇಕಾದ ದಿನಾಂಕಗಳು:

ಮಾತ್ರೆ ಆರಂಭವಾದದ್ದು: ಆಗಸ್ಟ್ ೨೬ ಅಲ್ಲ, ೨೯.

ಜನವರಿ ೨: ಚೇತರಿಕೆಯ ಆರಂಭವೆಂದು ಬರೆದಿದ್ದೆ. ಅಂದು ಆರಂಭವಾದದ್ದು ನನ್ನ ಪಾಠ.

ನನ್ನನ್ನು ಗಂಡನೆಂದು ಗುರುತಿಸಿದ ಕೊನೆಯ ದಿನ: ಈಗಲೂ ಗುರುತಿಸುತ್ತಾಳೆಂದು ಬರೆದಿದ್ದೆ. ಸರಿಯಾದ ದಿನಾಂಕ: ……