ಧೈವತದ ಪಾಲಿಗೆ ಬಂದದ್ದು

ಭಾನುವಾರ, ಮಧ್ಯಾಹ್ನ

ಅಮ್ಮನಿಗೆ,

ನಿನ್ನ ಕಾಗದ ಸಿಕ್ಕಿತು. ನೀನು ಚೆನ್ನಾಗಿದ್ದೀಯ, ಅಕ್ಕ ಚೆನ್ನಾಗಿದ್ದಾಳೆ, ಅಕ್ಕನ ಗಂಟಲೂ ಚೆನ್ನಾಗಿದೆ ಎಂದು ತಿಳಿದು ಸಂತೋಷ. ನನ್ನನ್ನು ಕೇಳುವುದು ಮರೆತಿದ್ದೀಯ; ಇರಲಿ, ನಾನೇ ಹೇಳುತ್ತೇನೆ. ಇಲ್ಲಿ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿದೆ. ದಿನವಿಡೀ ಯಾರೊಂದಿಗೂ ಮಾತಾಡಬೇಕಾಗಿಲ್ಲ. ನನಗೆ ಹೇಳಿ ಮಾಡಿಸಿದ ಹಾಗಿದೆ.

"ಆದದ್ದು ಆಯ್ತು, ಮನೆಗೆ ಬಾ. ಅಕ್ಕನ ಮೇಳದ ದೊಡ್ಡ ಕಾರ್ಯಕ್ರಮ ಇದೆ. ಹಾರ್ಮೋನಿಯಂ ಶ್ರುತಿ ಮಾಡುವಾಗ ಕೀ ಒತ್ತೋಕೆ ಯಾರೂ ಇಲ್ಲ" ಎಂದು ಬರೆದಿದ್ದೀಯ. ಆದದ್ದು ಏನು ಎಂಬುದನ್ನು ಮಾತ್ರ ಬರೆದಿಲ್ಲ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವವರಿಲ್ಲ.

ಕಳೆದ ಕಾರ್ಯಕ್ರಮದ ದಿನ ಸಭಾಂಗಣದ ಆ ದೊಡ್ಡ ಕಾಲು ಹಾರ್ಮೋನಿಯಂನ ಹಿಂದಿನ ಹಲಗೆ ಬಿಚ್ಚಿ ನೀನು ಮಂಡಿಯೂರಿ ಕೂತಿದ್ದೆ. ನಾನು ತಿದಿ ತುಳಿಯುತ್ತ ಎರಡು ಕೀ ಒತ್ತಿ ಹಿಡಿಯುತ್ತಿದ್ದೆ. ಎರಡು ಸ್ವರ ಒಂದನ್ನೊಂದು ಉಜ್ಜಿ ವುವುವು ಎಂದು ಅಲೆ ಏಳುವುದು. ನೀನು ಹಿತ್ತಾಳೆಯ ರೀಡನ್ನು ಇಷ್ಟೇ ಇಷ್ಟು ಕೆರೆದರೆ ಅಲೆ ನಿಧಾನವಾಗಿ, ಕೊನೆಗೆ ನಿಂತೇಹೋಗುವುದು. "ನಿಂತಿತಾ?" ಎಂದು ನೀನು ಕೇಳುವೆ. "ನಿಂತಿತು" ಎನ್ನುವೆ ನಾನು. ನಿನ್ನ ಜೊತೆ ನಾನು ಆಡಿದ ಮಾತುಗಳಲ್ಲಿ ಅರ್ಧದಷ್ಟು ಇದೇ ಇರಬೇಕು.

ಅಂಗಡಿಯಿಂದ ಬರುವ ಹಾರ್ಮೋನಿಯಂ ಕಂಡರೆ ನಿನಗೆ ಮೂಗು ಮುರಿಯುವಷ್ಟು ತಾತ್ಸಾರ. "ಎಲ್ಲಾ ಸ್ವರಕ್ಕೂ ಒಂದೊಂದು ಚಿಟಿಕೆ ಸುಳ್ಳು ಹಂಚಿರ್ತಾರೆ ಕಣೇ" ಎನ್ನುತ್ತಿದ್ದೆ. ನಿನ್ನ ಶ್ರುತಿಯಲ್ಲಿ ಸ, ಗ, ಪ ಒಟ್ಟಿಗೆ ಒತ್ತಿದರೆ ಒಂದೇ ಗಂಟಲಿನಿಂದ ಬಂದ ಹಾಗೆ ಕೇಳುತ್ತದೆ, ನಿಜ. ಆದರೆ ಹಂಚದ ಆ ಸುಳ್ಳು ಎಲ್ಲಿಗೂ ಹೋಗುವುದಿಲ್ಲ, ಒಂದು ಮೂಲೆಯಲ್ಲಿ ರಾಶಿ ಬೀಳುತ್ತದೆ. ನಮ್ಮ ವಾದ್ಯದಲ್ಲಿ ಅದು ರಿ ಮತ್ತು ಧ ನಡುವೆ. ಧ ಸ್ವರವನ್ನು ಮ ಜೊತೆ ಕೂಡಿಸಿದರೆ ರಿಗೆ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಧ ಏರಿಸಿದರೆ ಮ ಮುನಿಸಿಕೊಳ್ಳುತ್ತದೆ, ರಿ ಇಳಿಸಿದರೆ ಪ.

ಅಕ್ಕನ ಐದೂ ಹಾಡುಗಳಿಗೆ ಬೇಕಾದದ್ದು ಮ, ಧ, ಸ. ನನ್ನ ಒಂದೇ ಹಾಡು ರಿ, ಮ, ಧ, ಸ ಎಂಬ ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತುವ ಕಾರ್ಡಿನಿಂದ ಶುರುವಾಗುತ್ತಿತ್ತು. ನಾನು ಬರೆದದ್ದನ್ನು ಜನ ಕೇಳಲಿದ್ದದ್ದು ಅದೇ ಮೊದಲು. ಅದರಲ್ಲಿ ರಿ-ಧ ಕೂಡುವುದಿಲ್ಲ ಎಂದು ನಿನಗೆ ಮುಂಚೆಯೇ ಹೇಳಿದ್ದೆ. "ನಿಂದೊಂದಕ್ಕೋಸ್ಕರ ಅವಳ ಐದು ಹಾಡು ಕೆಡಿಸ್ಲಾ? ಸ್ವಲ್ಪ ಅನುಸರಿಸ್ಕೊಂಡು ಹೋಗೇ" ಎಂದೆ ನೀನು. ಹಾಗಾದರೆ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚಿಬಿಡು ಎಂದು ನಾನು ಕೇಳಿದ್ದಕ್ಕೆ, "ನನ್ನ ಕೈಲಿ ಸುಳ್ಳು ಶ್ರುತಿ ಮಾಡಿಸ್ತೀಯಾ?" ಎಂದು ರೇಗಿದೆ.

ಅಕ್ಕನ ಹಾಡುಗಳಿಗೆ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಆಮೇಲೆ ನನ್ನದು. ಬಿಚ್ಚಿಕೊಳ್ಳಲು ಕಾದಿರುವ ಗಂಟಿನ ಹಾಗೆ ಆ ಕಾರ್ಡು ನಿಲ್ಲಬೇಕಿತ್ತು. ಉಳಿದ ಸ್ವರಗಳು ಅಷ್ಟು ಶುದ್ಧವಾಗಿದ್ದದ್ದಕ್ಕೇ ರಿ-ಧ ಜಗಳ, ಒಗೆದ ಬಟ್ಟೆಯ ಮೇಲಿನ ಕಲೆಯಂತೆ ಎದ್ದು ಕಂಡಿತು. ಮೇಳದ ಹಾಡುಗಾರರಲ್ಲಿ ಕೆಲವರು ವಾದ್ಯದ ಧ ಹಿಡಿದರು, ಕೆಲವರು ಮೇಲಕ್ಕೆ ಎಳೆದರು. "ಏನಮ್ಮಾ, ಪೆಟ್ಟಿಗೆ ಒಳಗೆ ಜೇನು ಕಟ್ಟಿದೆಯಾ?" ಎಂದು ಮುಂದಿನ ಸಾಲಿನವನೊಬ್ಬ ಕೇಳಿದ. ಎಲ್ಲರೂ ನಕ್ಕರು. ಅಕ್ಕ ಕೈ ಎತ್ತಿ ಹಾಡನ್ನು ಅರ್ಧಕ್ಕೇ ನಿಲ್ಲಿಸಿದಳು.

ಸಭಾಂಗಣದ ಮೇನೇಜರು ನಿನ್ನ ಬಳಿ ಬಂದಾಗ ನಾನು ಇನ್ನೂ ಕೀಗಳ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ನೀನು ನನ್ನ ಕಡೆ ನೋಡಲಿಲ್ಲ. "ವಾದ್ಯದ್ದೇನೂ ತಪ್ಪಿಲ್ಲ ಸಾರ್. ಅವಳು ಬರೆದಿರೋದೇ ಹಾಗೆ. ಓದಿದ ಹುಡುಗಿ, ಏನೋ ಹೊಸದು ಮಾಡೋಕೆ ಹೋಗಿದ್ದಾಳೆ" ಎಂದೆ.

ಜೇನಿನ ಮಾತಿಗೆ ನನಗೆ ನೋವಾಗಲಿಲ್ಲ. ಕೂದಲೆಳೆ ಎಲ್ಲಿ ಕಡಿಮೆಯಿದೆ ಎಂದು ಆ ಸಭೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ.

ಮನೆಯನ್ನೂ ನೀನು ಹಾಗೆಯೇ ಶ್ರುತಿ ಮಾಡಿದೆ. ಅಕ್ಕನಿಗೆ ನಿದ್ದೆ ಬೇಕೆಂದು ನಾನು ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದಿದೆ. ಅಕ್ಕ ಸಿಟ್ಟು ಮಾಡಿಕೊಂಡರೆ ನಾನು ಕ್ಷಮೆ ಕೇಳಿದೆ. ಬಂದವರೆಲ್ಲ "ಎಷ್ಟು ಹೊಂದಿಕೊಂಡಿದ್ದೀರಪ್ಪಾ ಮೂರು ಜನ!" ಎಂದು ಹೊಗಳಿ ಹೋದರು. ರಿ ಮತ್ತು ಧ ಒಟ್ಟಿಗೆ ಒತ್ತದಿದ್ದರೆ ಎಲ್ಲವೂ ಹೊಂದಿಕೊಂಡೇ ಇರುತ್ತದೆ.

ನಾನು ಬರುವುದಿಲ್ಲ.

ಇಲ್ಲಿ ಮನೆ ಒಡತಿಯ ಹತ್ತಿರ ಒಂದು ಹಳೆಯ ಹಾರ್ಮೋನಿಯಂ ಇದೆ, ನೀನು ಬೈಯುವ ಅಂಗಡಿಯ ಮಾಲೇ. ನಿನ್ನೆ ಅದರಲ್ಲಿ ನನ್ನ ಕಾರ್ಡು ಒತ್ತಿದೆ. ಪ್ರತಿಯೊಂದು ಸ್ವರವೂ ಸ್ವಲ್ಪ ನಡುಗಿತು, ಯಾವುದೂ ಕಿರುಚಲಿಲ್ಲ. ನಿನ್ನ ಶ್ರುತಿಯ ಸಿಹಿ ಅದರಲ್ಲಿಲ್ಲ. ಆದರೂ ಹಾಡು ಕೊನೆಯವರೆಗೆ ಹೋಯಿತು.

ನಿನ್ನ
ಕಿರಿಯವಳು

ತಾ.ಕ.: ಕೀ ಒತ್ತಲು ಪಕ್ಕದ ಮನೆಯ ಮಗುವಾದರೂ ಸಾಕು. ನಿನಗೆ ಬೇಕಿರುವುದು ಕಿವಿ. ಎರಡು ವರ್ಷದಿಂದ ನಿನಗೆ ಅಲೆ ಕೇಳಿಸುತ್ತಿಲ್ಲ ಎಂದು ನನಗೆ ಗೊತ್ತು, "ನಿಂತಿತಾ?" ಎಂದು ಕೇಳಿ ನೀನು ನನ್ನ ತುಟಿಯನ್ನೇ ನೋಡುತ್ತಿದ್ದೆ. ಅಕ್ಕನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆ ದಿನ ಧ ಇನ್ನೊಂದು ಕೂದಲೆಳೆ ಏರಿ ನನ್ನ ರಿಗೆ ಸೇರುವವರೆಗೆ ಸುಮ್ಮನಿದ್ದು, ಆಮೇಲೆ "ನಿಂತಿತು" ಎಂದಿದ್ದರೆ ನಿನಗೆ ತಿಳಿಯುತ್ತಲೇ ಇರಲಿಲ್ಲ. ಅಕ್ಕನ ಮ ಜೊತೆ ಕೂಡಿದ ಕೂಡಲೇ ನಾನು "ನಿಂತಿತು" ಎಂದೆ. ವಾದ್ಯದ್ದೇನೂ ತಪ್ಪಿಲ್ಲ ಎಂದು ನೀನು ಅಷ್ಟು ಧೈರ್ಯವಾಗಿ ಹೇಳಿದ್ದು ನನ್ನ ಕಿವಿಯನ್ನು ನಂಬಿ.