ಜರುಗಿದ ಹಳದಿ ಗೆರೆ

ನವೆಂಬರ್ ೧೨, ಬುಧವಾರ

ಬೆಳಿಗ್ಗೆ ಕೋರ ಊರಿನ ಹತ್ತಿರ ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ ಕೂತೆದ್ದಾಗ ಚೂಡಿದಾರದ ತುದಿಗೆ ಹಳದಿ ಬಣ್ಣ ಮೆತ್ತಿಕೊಂಡಿತ್ತು. ಪ್ರಯೋಗಕ್ಕೆಂದು ತೆಳುವಾಗಿ ಕಾಂಕ್ರೀಟ್ ಹಾಕಿ, ನಮ್ಮ ತಂಡ ವರ್ಷವರ್ಷವೂ ಪರೀಕ್ಷಿಸುವ ರಸ್ತೆಯ ತುಂಡು ಎಲ್ಲಿಗೆ ಮುಗಿಯುತ್ತದೆಂದು ತೋರಿಸುವ ಗೆರೆ ಅದು. ಹಸಿಯಾಗಿತ್ತು.

ಬೇಸಿಗೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕುಬಿಟ್ಟ ಸ್ಲ್ಯಾಬ್ ಗೆರೆಯೊಳಗಿತ್ತು. ನಾನೇ ಫೋಟೋ ತೆಗೆದಿದ್ದೆ. ಈಗ ಹೊರಗಿದೆ, ಲೆಕ್ಕಕ್ಕೇ ಬರುವುದಿಲ್ಲ.

"ಗೆರೆ ಜರುಗಿದೆಯಲ್ವಾ ಸಾರ್?" ಎಂದು ಸೂಪರ್‌ವೈಸರ್ ಅನಂತರಾಜು ಅವರನ್ನು ಕೇಳಿದೆ.

"ಮಾಸಿತ್ತು, ಬಳಿಸ್ದೆ ಕಣಮ್ಮ. ಕನ್ನಡ ಎಂ.ಎ. ಓದ್ಕಂಡು ಬಂದು ಈಗ ರಸ್ತೇನೂ ಓದ್ತೀಯಾ? ಫೋಟೋ ತೆಗಿ, ಸಾಕು."

ತಂಡದವರೆಲ್ಲ ನಕ್ಕರು. ನಾನೂ ನಕ್ಕೆ, ಥೂ.

ಬಳಿಯುವವರು ಜಾಗ ತಪ್ಪಿರಬಹುದು. ಆದರೆ ತಪ್ಪು ಸರಿಯಾಗಿ ಬಿರುಕಿನ ಪಕ್ಕಕ್ಕೇ ಬಂದು ನಿಲ್ಲುತ್ತದೆಯೇ? ಈ ತುಂಡು ಚೆನ್ನಾಗಿ ಬಾಳಿದೆ ಎಂದಾದರೆ ಗುಬ್ಬಿ ರಸ್ತೆಗೂ ಇದೇ ತೆಳು ಕಾಂಕ್ರೀಟ್ ಹಾಕುತ್ತಾರಂತೆ. ಅಕ್ಕ ಪಲ್ಲವಿ ದಿನಾ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವುದು ಅದೇ ದಾರಿಯಲ್ಲಿ.

ನಾಳೆ ಅದನ್ನು ತೀರ್ಮಾನಿಸಲು ಬೆಂಗಳೂರಿನಿಂದ ಪರೀಕ್ಷಕರು ಬರುತ್ತಾರೆ. ಅಷ್ಟು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಗೊತ್ತು. ಗೆರೆ ದಾಟಿ ಆ ಒಡೆದ ಸ್ಲ್ಯಾಬಿನ ಮೇಲೆ ಕೂತು ಫೋಟೋ ತೆಗೆಯುತ್ತಲೇ ಇರುತ್ತೇನೆ. ಅಲ್ಲೇನು ಮಾಡುತ್ತಿದ್ದೀಯ ಎಂದು ಅವರಲ್ಲೊಬ್ಬರಾದರೂ ಕೇಳಿಯಾರು. ಅಲ್ಲಿಯವರೆಗೆ ಸಾರ್ ಎಷ್ಟು ಕೂಗಿದರೂ ಏಳುವುದಿಲ್ಲ.